‘ಎಲ್ಲಿಗೆ?’ ಎಂದು ಕೇಳುವ ದೇಶ

ಮೂಢನಂಬಿಕೆಗಳಲ್ಲಿ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಈ ಮಾತನ್ನು ಯಾರ ಮುಂದೆ ಬೇಕಾದರೂ, ಯಾವ ದಿನ ಬೇಕಾದರೂ ಹೇಳಲು ನಾನು ತಯಾರು, ಅಮಾವಾಸ್ಯೆ ಒಂದನ್ನು ಬಿಟ್ಟು. ಬೆಕ್ಕು ಅಡ್ಡ ಬಂತೆಂದು ನಿಲ್ಲುವವಳಲ್ಲ. ಲಂಡನ್ನಿನಲ್ಲಿ ನಾವಿರುವ ಹ್ಯಾರೋದ ಬೀದಿಯಲ್ಲಿ ಬೆಕ್ಕುಗಳಿಗೆಲ್ಲ ನಿಲ್ಲುತ್ತ ಹೋದರೆ ನಾನು ಕೆಲಸ ಮಾಡುವ ಡಾಕ್ಟರ ದವಾಖಾನೆಯಲ್ಲಿ ರೋಗಿಗಳು ತಾವಾಗಿಯೇ ವಾಸಿಯಾಗಿ ಮನೆಗೆ ಹೋಗಿರುತ್ತಾರೆ. ಒಂಟಿ ಸೀನು, ಬಲಗಣ್ಣು ಅದುರುವುದು, ಹಲ್ಲಿ ಲೊಚಗುಟ್ಟುವುದು, ಇವನ್ನೆಲ್ಲ ಮದುವೆಯಾಗಿ ವಿಮಾನ ಹತ್ತುವಾಗಲೇ ಧಾರವಾಡದಲ್ಲಿ ಬಿಟ್ಟು ಬಂದೆ. ಹೇಗೂ ಇಲ್ಲಿ ಹಲ್ಲಿಗಳೇ ಇಲ್ಲ. ಆದರೆ ಒಂದೇ ಒಂದು ಮಾತ್ರ ನನ್ನ ಕಣ್ಣು ತಪ್ಪಿಸಿ ಸೂಟ್‌ಕೇಸಿನಲ್ಲಿ ಸೇರಿಕೊಂಡು ಬಂದುಬಿಟ್ಟಿತು. ಹೊರಟವರನ್ನು ‘ಎಲ್ಲಿಗೆ?’ ಅಂತ ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಟ್ಟಿತು ಅಂತಲೇ ಲೆಕ್ಕ.

ಗೊತ್ತಿಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗೊತ್ತಿದ್ದವರು ಬೇಕಾದರೆ ಎದ್ದು ಹೊರಡಬಹುದು, ಎಲ್ಲಿಗೆ ಅಂತ ನಾನು ಕೇಳುವುದಿಲ್ಲ. ನಮ್ಮ ಓಣಿಯಲ್ಲಿ ಕಟ್ಟೆಯ ಮೇಲೆ ಕೂತ ಅಜ್ಜಿಗೆ ಹಾದುಹೋಗುವ ಪ್ರತಿಯೊಬ್ಬರೂ ಎಲ್ಲಿಗೆ ಹೊರಟಿದ್ದಾರೆಂದು ತಿಳಿಯದಿದ್ದರೆ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ. ಆದರೆ ಬಾಯಿಬಿಟ್ಟು ಕೇಳುವಂತಿಲ್ಲ. ಹಾಗಾಗಿ ‘ಏನವಾ, ದೂರ ಹೊಂಟೀಯೇನು?’ ಅನ್ನುತ್ತಿದ್ದಳು. ಕುತೂಹಲವೆಲ್ಲ ಆ ‘ದೂರ’ದೊಳಗೆ ತುಂಬಿರುತ್ತಿತ್ತು, ಅಪಶಕುನ ಮಾತ್ರ ಇರುತ್ತಿರಲಿಲ್ಲ. ಅಕಸ್ಮಾತ್ ಯಾರಾದರೂ ಮರೆತು ‘ಎಲ್ಲಿಗೆ’ ಅಂದುಬಿಟ್ಟರೆ ಹೊರಟವರು ಒಳಗೆ ಬಂದು, ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ನಮ್ಮ ಕಾಕಾ ಹೆಣ್ಣು ನೋಡಲು ಹೊರಟ ದಿನ ಎದುರು ಮನೆಗೆ ಯಾರೋ ಬೆಂಗಳೂರಿನ ನೆಂಟರು ಬಂದಿದ್ದರು. ಇವನು ಹೊರಬಿದ್ದಾಗಲೆಲ್ಲ ಅವರಲ್ಲೊಬ್ಬರು ‘ಎಲ್ಲಿಗೆ ಹೊರಟ್ರಿ?’ ಅಂತ ಪ್ರೀತಿಯಿಂದ ಕೇಳುವುದು, ಇವನು ತಿರುಗಿ ಬಂದು ತಂಬಿಗೆ ಎತ್ತುವುದು. ಕೊನೆಗೂ ಹೆಣ್ಣಿನ ಮನೆ ಮುಟ್ಟಿದಾಗ ಹುಡುಗಿಯನ್ನು ನೋಡುವುದಕ್ಕೂ ಮೊದಲು ಅವನು ಕೇಳಿದ್ದು ಬಚ್ಚಲು ಯಾವ ಕಡೆ ಅಂತ. ಆ ಸಂಬಂಧ ಕೂಡಿಬರಲಿಲ್ಲ. ನೀರಿನ ತಪ್ಪು ಅಂತ ಒಬ್ಬರೂ ಅನ್ನಲಿಲ್ಲ. ತಪ್ಪೆಲ್ಲ ಬೆಂಗಳೂರಿನವರದು ಅಂತ ತೀರ್ಮಾನವಾಯಿತು.

ಈ ದೃಷ್ಟಿಯಿಂದ ನೋಡಿದರೆ ಇಂಗ್ಲೆಂಡಿನಷ್ಟು ಪುಣ್ಯಭೂಮಿ ಇನ್ನೊಂದಿಲ್ಲ. ಇಂಗ್ಲಿಷರು ಯಾರನ್ನೂ ಎಲ್ಲಿಗೆ ಅಂತ ಕೇಳುವುದಿಲ್ಲ. ನೀವು ಮಂಚ, ಹಾಸಿಗೆ, ಫ್ರಿಜ್ಜು ಎಲ್ಲ ಲಾರಿಗೆ ಹೇರುತ್ತಿದ್ದರೂ ‘ಇವತ್ತು ಬಿಸಿಲು ಚೆನ್ನಾಗಿದೆ’ ಅಂದು ಮುಂದೆ ಹೋಗುತ್ತಾರೆ. ನಮ್ಮ ಸೆಮಿ-ಡಿಟ್ಯಾಚ್ಡ್ ಮನೆಯ ಇನ್ನೊಂದು ಅರ್ಧದಲ್ಲಿ ಅಂಥ ಒಬ್ಬ ಮುದುಕರಿದ್ದರು. ಅಷ್ಟು ವರ್ಷ ಅವರ ಪಕ್ಕದಲ್ಲಿ ಬಾಳಿದೆವು, ಒಂದು ಪ್ರಶ್ನೆ ಅಂತ ಕೇಳಲಿಲ್ಲ ಮಹಾನುಭಾವರು. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಅವರು ಮಗಳಿರುವ ಊರಿಗೆ ಹೋದರು. ಆ ಮನೆಗೆ ನೊಯ್ ಬಂದಳು.

ನೊಯ್ ಥಾಯ್ಲೆಂಡಿನವಳು. ನಮ್ಮ ಬಡಾವಣೆಯ ಕನ್ನಡಕದಂಗಡಿಯಲ್ಲಿ ಕೆಲಸ. ಗಂಡ ಇಂಗ್ಲಿಷರವನು, ಬಹಳ ಒಳ್ಳೆಯವನು ಅಂತ ಅವಳೇ ಹೇಳಿದಳು; ಅವನಂತೂ ಏನೂ ಹೇಳಲಿಲ್ಲ. ನೊಯ್ ಅಂದರೆ ಅವರ ಭಾಷೆಯಲ್ಲಿ ‘ಪುಟ್ಟಿ’ ಅಂತ. ಅದು ಮನೆಯಲ್ಲಿ ಕರೆಯುವ ಹೆಸರು. ಪಾಸ್‌ಪೋರ್ಟಿನಲ್ಲಿರುವ ನಿಜವಾದ ಹೆಸರು ಉದ್ದವಾಗಿ, ಗಂಭೀರವಾಗಿ, ಹೆಚ್ಚುಕಡಿಮೆ ಸಂಸ್ಕೃತದಲ್ಲಿತ್ತು. ಮನೆ ಹೊಕ್ಕ ದಿನವೇ ತೆಂಗಿನಕಾಯಿ ತುರಿದು ಮಾಡಿದ ಸಿಹಿ ತಂದುಕೊಟ್ಟು, ಎರಡೂ ಕೈ ಜೋಡಿಸಿ ನಕ್ಕಳು. ನನಗಂತೂ ಕಳೆದುಹೋದ ತಂಗಿ ಸಿಕ್ಕಷ್ಟು ಸಂತೋಷವಾಯಿತು. ಮರುದಿನ ಬೆಳಿಗ್ಗೆ ನಾನು ಕೈಚೀಲ ಹಿಡಿದು ಹೊಸ್ತಿಲು ದಾಟುತ್ತಿದ್ದಂತೆ, ಹೂಗಿಡಗಳಿಗೆ ನೀರು ಹಾಕುತ್ತಿದ್ದ ಅವಳು ಮುಖವೆಲ್ಲ ಅರಳಿಸಿ ಕೇಳಿದಳು: ‘ಸುಮಾ! ವೇರ್ ಯು ಗೋ?’

ಆವತ್ತು ಕೆಲಸಕ್ಕೆ ತಾನೇ ಹೊರಟದ್ದು ಅಂತ ನುಂಗಿಕೊಂಡೆ. ಆದರೆ ಅವಳು ದಿನಾ ಕೇಳಿದಳು. ಬೆಳಿಗ್ಗೆ ಕೇಳಿದಳು, ಸಂಜೆ ಕೇಳಿದಳು, ಕಸದ ತೊಟ್ಟಿ ಬೀದಿಗೆ ತಳ್ಳುವಾಗಲೂ ಕೇಳಿದಳು. ಕಸದ ತೊಟ್ಟಿ ಹಿಡಿದವಳು ಇನ್ನೆಲ್ಲಿಗೆ ಹೋದಾಳು? ಇದನ್ನೆಲ್ಲ ಹೇಗೋ ಸಹಿಸುತ್ತಿದ್ದೆ. ಆದರೆ ಅದೇ ಸಮಯಕ್ಕೆ ನಾನು ಡ್ರೈವಿಂಗ್ ಟೆಸ್ಟಿಗೆ ಕಟ್ಟಿದ್ದೆ. ಹ್ಯಾರೋದಲ್ಲಿ ಕಾರಿಲ್ಲದ ಮನೆಯಿಲ್ಲ, ನಮ್ಮಲ್ಲೂ ಇತ್ತು, ಆದರೆ ಅದರ ಸ್ಟಿಯರಿಂಗು ನಮ್ಮನೆಯವರ ಕೈಯಲ್ಲಿತ್ತು. ಊರಿನ ಇನ್ನೊಂದು ತುದಿಯ ಸಟನ್ನಿನಲ್ಲಿರುವ ಗೆಳತಿಯ ಮನೆಗೆ ಹೋಗಬೇಕೆಂದರೆ ವಾರದ ಮೊದಲೇ ಅರ್ಜಿ ಹಾಕಬೇಕು, ಕ್ರಿಕೆಟ್ ಮ್ಯಾಚಿಲ್ಲದ ದಿನ ನೋಡಬೇಕು, ದಾರಿಯುದ್ದಕ್ಕೂ ಪೆಟ್ರೋಲಿನ ಮೇಲೆ ಪ್ರವಚನ ಕೇಳಬೇಕು. ನನಗೆ ಲೈಸೆನ್ಸ್ ಬೇಕಾಗಿತ್ತು. ಅನ್ನ ನೀರಿನಷ್ಟೇ ಬೇಕಾಗಿತ್ತು.

ಮೊದಲನೇ ಟೆಸ್ಟಿನಲ್ಲಿ ಫೇಲಾದದ್ದು ನೊಯ್ ಬರುವ ಮುಂಚೆ. ರೌಂಡಬೌಟಿನಲ್ಲಿ ಯಾರಿಗೆ ದಾರಿ ಬಿಡಬೇಕೋ ತಿಳಿಯದೆ ಎಲ್ಲರಿಗೂ ಬಿಟ್ಟೆ. ಅದು ನನ್ನ ಒಳ್ಳೆಯತನದ ತಪ್ಪು. ಎರಡನೇ ಸಲ ಚೆನ್ನಾಗಿ ಕಲಿತು, ದೇವರಿಗೆ ದೀಪ ಹಚ್ಚಿ ಹೊರಟೆ. ಇನ್‌ಸ್ಟ್ರಕ್ಟರು ಗೇಟಿನ ಮುಂದೆ ಕಾರು ನಿಲ್ಲಿಸಿ ಕಾಯುತ್ತಿದ್ದರು. ‘ವೇರ್ ಯು ಗೋ?’ ಅಂತ ಬೇಲಿಯಾಚೆಯಿಂದ ಬಂತು. ನಾನು ಹಾಗೇ ತಿರುಗಿ ಒಳಗೆ ಬಂದು ಸೋಫಾದ ಮೇಲೆ ಕೂತು ನೀರು ಕುಡಿದೆ. ನಮ್ಮನೆಯವರು ಪೇಪರು ಇಳಿಸಿ ನೋಡಿದರು. ‘ಏನಾತು?’

‘ಕೇಳಿಬಿಟ್ಳು.’

‘ಕೇಳಿದ್ರ ಕೇಳ್ಯಾಳ. ಅಕಿ ಏನ್ ಶಾಪ ಹಾಕ್ಯಾಳೇನು? ನಡಿ ಸುಮ್ನ, ಆ ಮನಿಷ್ಯಾ ಹೊರಗ ನಿಂತಾನ.’

ನೀರು ಕುಡಿದದ್ದು ಸಾಲಲಿಲ್ಲವೇನೋ, ನಿಲ್ಲಿಸಿದ್ದ ಹಾಲಿನ ವ್ಯಾನಿಗೆ ಕನ್ನಡಿ ತಾಗಿಸಿದೆ. ಮೂರನೇ ಸಲ ನಾನು ದಡ್ಡಿಯಾಗಲಿಲ್ಲ. ಇನ್‌ಸ್ಟ್ರಕ್ಟರಿಗೆ ಹಿಂದಿನ ಗಲ್ಲಿಯಲ್ಲಿ ನಿಲ್ಲಲು ಹೇಳಿ, ಹಿತ್ತಲ ಬಾಗಿಲಿನಿಂದ ಬಗ್ಗಿಕೊಂಡೇ ಹೊರಟೆ. ಶೆಡ್ಡಿನ ಹಿಂದೆ ನಮ್ಮ ಬೇಲಿ ಸ್ವಲ್ಪ ಗಿಡ್ಡ. ಒಂದು ಕಾಲು ಈಚೆ, ಒಂದು ಕಾಲು ಆಚೆ ಇದ್ದಾಗ ಬೇಲಿಯ ಕೊನೆಯಲ್ಲಿ ಒಣಹಾಕಿದ ಬೆಡ್‌ಶೀಟೊಂದು ಸರಿಯಿತು. ಅದರ ಹಿಂದಿನಿಂದ ನೊಯ್‌ಳ ಮುಖ ಮೂಡಿತು. ಪಾಪ, ಬೇಲಿ ಹತ್ತಿದವಳನ್ನು ಕಂಡು ಯಾವ ಊರಿನವರಾದರೂ ಕೇಳುವ ಪ್ರಶ್ನೆಯನ್ನೇ ಅವಳು ಕೇಳಿದಳು. ಆ ಟೆಸ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಜೆ ನಾನು ಗೋಳಾಡುತ್ತಿದ್ದಾಗ ಮಗಳು ಸ್ಮಿತಾ, ಎಲ್ಲವನ್ನೂ ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಜಾತಿಯವಳು, ಟೋಸ್ಟು ಕಡಿಯುತ್ತ ಅಂದಳು: ‘ಮಮ್, ಶಿ ಈಸ್ ಜಸ್ಟ್ ಸೇಯಿಂಗ್ ಹಲೋ!’

ಅದೇ ನಿಜವಾಗಿತ್ತು. ಎರಡು ದಿನ ಬಿಟ್ಟು ನೊಯ್ ತಾನೇ ಬಂದು ಬಾಗಿಲು ತಟ್ಟಿದಳು. ಅಡಿಗೆಮನೆಯಲ್ಲಿ ಕೂತು, ‘ಸುಮಾ, ನನ್ನ ಮೇಲೆ ಸಿಟ್ಟೇ? ನನ್ನನ್ನು ನೋಡಿದರೆ ಬೇಲಿ ಹಾರುತ್ತೀಯಲ್ಲ’ ಅಂತ ಕೇಳಿದಳು. ಕಣ್ಣು ತುಂಬಿದ್ದವು. ನಾನು ನಾಚಿಕೆ ಬಿಟ್ಟು ಅಜ್ಜಿ, ಕಾಕಾ, ತಂಬಿಗೆ ಎಲ್ಲ ಹೇಳಿದೆ. ಅವಳು ಮೊದಲು ನಕ್ಕಳು. ಆಮೇಲೆ ಹೇಳಿದಳು: ಅವರ ಊರಿನಲ್ಲಿ ಎದುರಾದವರನ್ನು ‘ಪೈ ನೈ?’ ಅಂತ ಕೇಳುತ್ತಾರಂತೆ, ಅಂದರೆ ಎಲ್ಲಿಗೆ ಹೊರಟೆ ಅಂತ. ಯಾರಿಗೂ ಅದರ ಉತ್ತರ ಬೇಕಾಗಿರುವುದಿಲ್ಲ. ‘ಪೈ ತಿಯಾವ್’, ಸುಮ್ಮನೆ ಸುತ್ತಾಡಲು, ಅಂದರೆ ಮುಗಿಯಿತು, ಕೋರ್ಟಿಗೆ ಹೊರಟಿದ್ದರೂ ಸೈ. ‘ಯಾರೂ ಕೇಳದಿದ್ದರೆ ನೀನು ಇದ್ದೀಯೋ ಇಲ್ಲವೋ ಅನ್ನುವುದು ಯಾರಿಗೂ ಬೇಕಾಗಿಲ್ಲ ಅಂತ ಅರ್ಥ. ಈ ದೇಶಕ್ಕೆ ಬಂದ ಮೊದಲ ವರ್ಷ ನನ್ನನ್ನು ಒಬ್ಬರೂ ಕೇಳಲಿಲ್ಲ. ದಿನಾ ಅಳುತ್ತಿದ್ದೆ’ ಅಂದಳು.

ವಿಷಯ ಇಲ್ಲಿಗೆ ಮುಗಿದು ನಾವಿಬ್ಬರೂ ಚಹಾ ಕುಡಿದಿದ್ದರೆ ಚೆನ್ನಾಗಿತ್ತು. ಆದರೆ ಶಕುನ ಅಪಶಕುನಗಳ ವಿಷಯದಲ್ಲಿ ಥಾಯ್ ಜನ ನಮಗೆ ಅಣ್ಣಂದಿರು. ನಾನು ಅರ್ಧ ನಗುತ್ತ ಹೇಳಿದ್ದನ್ನು ನೊಯ್ ಪೂರ್ತಿ ನಂಬಿಬಿಟ್ಟಳು. ತನ್ನ ಬಾಯಿಯಿಂದಲೇ ಸುಮಾ ಎರಡು ಸಲ ಫೇಲಾದಳು ಅಂತ ಅವಳ ಎದೆಯಲ್ಲಿ ಕೂತುಬಿಟ್ಟಿತು. ಮರುದಿನದಿಂದ ಪ್ರಶ್ನೆ ನಿಂತಿತು. ನನ್ನನ್ನು ಕಂಡರೆ ಕೈ ಜೋಡಿಸುವುದು, ತುಟಿ ಬಿಗಿಯುವುದು, ಗಿಡಗಳ ಕಡೆ ತಿರುಗುವುದು. ನನ್ನನ್ನಷ್ಟೇ ಅಲ್ಲ, ಪೋಸ್ಟಿನವನನ್ನೂ ಕೇಳುವುದು ಬಿಟ್ಟಳು. ನಾನೇ ಹೋಗಿ ‘ಕೇಳೇ, ಪರವಾಗಿಲ್ಲ’ ಅಂದರೆ ‘ನೀನು ಟೆಸ್ಟ್ ಪಾಸಾಗು, ಆಮೇಲೆ’ ಅನ್ನುತ್ತಿದ್ದಳು. ಇಷ್ಟು ದಿನ ಲೈಸೆನ್ಸು ನನ್ನ ಓಡಾಟಕ್ಕೆ ಬೇಕಾಗಿತ್ತು. ಈಗ ಒಬ್ಬ ಹೆಂಗಸಿನ ಬಾಯಿ ಬಿಡಿಸುವುದಕ್ಕೂ ಅದೇ ಬೇಕಾಯಿತು. ಟೆಸ್ಟಿನ ಮುಂದಿನ ತಾರೀಖು ಸಿಕ್ಕಿದ್ದು ರಜೆ ಮುಗಿದ ಮೇಲೆ.

ಆ ಬೇಸಿಗೆ ರಜೆಯಲ್ಲಿ ನೊಯ್ ತವರಿಗೆ ಹೊರಟಳು, ನಮ್ಮನ್ನೂ ಕರೆದಳು. ‘ನೀವು ಹೇಗೂ ಇಂಡಿಯಾಕ್ಕೆ ಹೋಗುತ್ತೀರಿ, ಬ್ಯಾಂಕಾಕಿನ ಮೇಲೆ ಹೋಗಿ. ನಮ್ಮ ಮನೆಯಲ್ಲಿ ವಾರ ಇರಿ.’ ನನಗೆ ಕುಣಿಯುವಂತಾಯಿತು. ಧಾರವಾಡದಲ್ಲಿ ಎಲ್ಲರೂ ನಮ್ಮನ್ನು ‘ಫಾರಿನ್ನಿನವರು’ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ನಾವು ಫಾರಿನ್ನಿಗೆ ಹೋದದ್ದೇ ಇಲ್ಲ. ನಾವು ನೋಡಿದ ಜಗತ್ತು ಹೀಥ್ರೂ, ಬೊಂಬಾಯಿ, ಧಾರವಾಡ; ಮತ್ತೆ ಧಾರವಾಡ, ಬೊಂಬಾಯಿ, ಹೀಥ್ರೂ. ನಮ್ಮನೆಯವರು ‘ಅಲ್ಲಿ ಊಟಕ್ಕೇನ್ ಗತಿ?’ ಅಂತ ಒಂದು ಕೊಕ್ಕೆ ಹಾಕಿ ನೋಡಿದರು. ನಾನು ಚಟ್ನಿಪುಡಿ ಕಟ್ಟಿಕೊಂಡು ಕೊಕ್ಕೆ ಬಿಡಿಸಿದೆ.

ನೊಯ್‌ಳ ಊರು ಫೆಚಬುರಿ. ಬ್ಯಾಂಕಾಕಿನಿಂದ ಬಸ್ಸಿನಲ್ಲಿ ಕೆಲವು ಗಂಟೆಗಳ ದಾರಿ, ಎರಡೂ ಕಡೆ ಭತ್ತದ ಗದ್ದೆ, ಗದ್ದೆಯ ಬದುವಿನಲ್ಲಿ ಸಾಲು ಸಾಲು ತಾಳೆಮರ. ಫೆಚಬುರಿ ಅಂದರೆ ವಜ್ರಪುರಿಯಂತೆ! ಬಸ್ ನಿಲ್ದಾಣದಲ್ಲಿ ಒಂದು ಬೋರ್ಡು ತೋರಿಸಿ ನೊಯ್ ‘ಅದು ಅಯುತ್ಥಯಾಕ್ಕೆ ಹೋಗುವ ಬಸ್ಸು’ ಅಂದಾಗ, ಅರೆ ಅಯೋಧ್ಯೆ ಅಂತ ನಾನು ಎದ್ದೇ ನಿಂತೆ. ಎಲ್ಲವೂ ಹೊಸದು, ಆದರೆ ಎಲ್ಲೋ ನೋಡಿದ ಹಾಗೆ. ಪ್ರತಿ ಮನೆಯ ಮುಂದೆ ನಮ್ಮ ತುಳಸಿಕಟ್ಟೆಯ ಜಾಗದಲ್ಲಿ ಕಂಬದ ಮೇಲೊಂದು ಪುಟ್ಟ ಮನೆ. ಅದು ಆ ಜಾಗ ಕಾಯುವ ದೇವತೆಯ ಮನೆ. ಹೂವಿನ ಮಾಲೆ, ಊದುಬತ್ತಿ, ಜೊತೆಗೊಂದು ಕೆಂಪು ಬಣ್ಣದ ಸೋಡಾ ಬಾಟಲಿ, ಕುಡಿಯಲು ತೊಂದರೆಯಾಗದಿರಲಿ ಅಂತ ಅದರೊಳಗೆ ಒಂದು ಸ್ಟ್ರಾ. ದೇವರಿಗೆ ನೈವೇದ್ಯ ಇಡುವವರನ್ನು ಬೇಕಾದಷ್ಟು ನೋಡಿದ್ದೇನೆ; ದೇವರ ಅನುಕೂಲವನ್ನು ಇಷ್ಟು ಯೋಚಿಸಿದವರನ್ನು ಅಲ್ಲೇ ನೋಡಿದ್ದು. ಓಣಿಯ ಜನಕ್ಕೆಲ್ಲ ನೊಯ್ ಪರಿಚಯ ಮಾಡಿಸಿದಳು, ಮನೆಯಲ್ಲಿ ಕರೆಯುವ ಹೆಸರುಗಳ ಅರ್ಥ ಬಿಡಿಸಿ. ಈಕೆ ಕಪ್ಪೆ, ಶ್ಯಾವಿಗೆ ಸಾರಿನ ಗಾಡಿ ಇಟ್ಟಿದ್ದಾಳೆ. ಆತ ಕೋಳಿ, ಕ್ಷೌರದಂಗಡಿಯವನು. ಅಷ್ಟು ದೊಡ್ಡ ದೊಡ್ಡವರನ್ನು ಹಾಗೆ ಕರೆಯುವುದು, ಅವರು ಹೆಮ್ಮೆಯಿಂದ ಕೈಮುಗಿಯುವುದು! ನಮ್ಮನೆಯವರಿಗೆ ಕ್ಷೌರ ಆಗಬೇಕಿತ್ತು. ಮಂಗಳವಾರ ಬೇಡ ಅಂತ ಅವರೇ ತಪ್ಪಿಸಿಕೊಂಡು ಬುಧವಾರ ಹೋದರು. ಅಂಗಡಿ ಮುಚ್ಚಿತ್ತು. ಅಲ್ಲಿಯವರು ಬುಧವಾರ ಕೂದಲು ಕತ್ತರಿಸುವುದಿಲ್ಲವಂತೆ. ಕೋಳಿಯೂ ಇವರೂ ಮುಚ್ಚಿದ ಅಂಗಡಿಯ ಮುಂದೆ ನಿಂತು, ಒಬ್ಬರ ವಾರ ಒಬ್ಬರು ತಿಳಿದುಕೊಂಡು, ಭಾಷೆ ಬರದಿದ್ದರೂ ಹೆಗಲು ತಟ್ಟಿಕೊಂಡು ನಕ್ಕರು.

ನೊಯ್‌ಳ ಅವ್ವ ಹಲ್ಲಿಲ್ಲದ ಬಾಯಿ ತುಂಬ ನಗುವ, ನೂಲಿನಂಥ ಹೆಂಗಸು. ಅವಳ ಮನೆಯಂಗಳದಲ್ಲಿ ಮಳೆನೀರು ಹಿಡಿಯುವ ದೊಡ್ಡ ದೊಡ್ಡ ಮಣ್ಣಿನ ಗುಡಾಣಗಳಿದ್ದವು. ಮಲ್ಲಿಗೆ ಹೂ ತೇಲಿಬಿಟ್ಟ ಆ ನೀರನ್ನು ಬೆಳ್ಳಿಬಣ್ಣದ ಬಟ್ಟಲಿನಲ್ಲಿ ಕೊಡುತ್ತಿದ್ದಳು. ಮೊದಲ ದಿನ ಗುಡ್ಡದ ಮೇಲಿನ ಅರಮನೆ ನೋಡಲು ಹೊರಟಾಗ ಓಣಿಯುದ್ದಕ್ಕೂ ‘ಪೈ ನೈ? ಪೈ ನೈ?’ ಅಂತ ಹೂ ಎರಚಿದ ಹಾಗೆ ಬಂತು. ಇದು ನಮಸ್ಕಾರ, ಬರೀ ನಮಸ್ಕಾರ ಅಂತ ಮನಸ್ಸಿಗೆ ಹೇಳಿಕೊಂಡು ನಡೆದೆ. ಗುಡ್ಡದ ಮೇಲೆ ಮಂಗವೊಂದು ನಮ್ಮನೆಯವರ ಕನ್ನಡಕ ಕಿತ್ತುಕೊಂಡು ಮರ ಹತ್ತಿತು. ಅವರು ಮಬ್ಬುಗಣ್ಣಿನಲ್ಲಿ ನನ್ನ ಕಡೆ ತಿರುಗಿ, ‘ನೀರ್ ಕುಡದು ಬರಬೇಕಿತ್ತೇನೋ’ ಅಂದರು. ಅಷ್ಟು ವರ್ಷ ನನ್ನನ್ನು ಹಾಸ್ಯ ಮಾಡಿದ ಮನುಷ್ಯ!

ಎರಡನೇ ದಿನದಿಂದ ನಾನು ಅಪಾಯಕ್ಕೆ ಕೈಹಾಕಲಿಲ್ಲ. ಹೊರಡುವುದು, ಕಪ್ಪೆಯಮ್ಮ ‘ಪೈ ನೈ’ ಅನ್ನುವುದು, ನಾನು ತಿರುಗಿ ಬಂದು ಜಗಲಿಯ ಮೇಲೆ ಕೂತು ನೀರು ಕೇಳುವುದು. ನೊಯ್‌ಳ ಅವ್ವನಿಗೆ ಸ್ವರ್ಗ ಸಿಕ್ಕಿತು. ಇಂಡಿಯಾದ ಹೆಂಗಸು ತನ್ನ ಗುಡಾಣದ ನೀರಿನ ರುಚಿಗೆ ಸೋತು ದಾರಿಯಿಂದ ವಾಪಸ್ಸು ಬಂದು ಕುಡಿಯುತ್ತಾಳೆ ಅಂತ ಓಣಿಗೆಲ್ಲ ಸಾರಿದಳು. ಓಣಿಗೆ ರೋಷ ಬಂತು. ತಮ್ಮ ಮನೆಯ ಮಳೆನೀರೇನು ಕಡಿಮೆಯೇ ಅಂತ ಒಬ್ಬೊಬ್ಬರೂ ಬಟ್ಟಲು ಹಿಡಿದು ಬಾಗಿಲಿನಲ್ಲಿ ನಿಲ್ಲತೊಡಗಿದರು. ಒಂದು ಕೈಯಲ್ಲಿ ಬಟ್ಟಲು, ಬಾಯಲ್ಲಿ ‘ಪೈ ನೈ’. ಅಪಶಕುನವೂ ಅದರ ಪರಿಹಾರವೂ ಒಂದೇ ಹೊಸ್ತಿಲಲ್ಲಿ ಸಿಗುವ ಊರನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಕಾಕಾನ ಸಂಕಟ ಆಗ ನನಗೆ ಚೆನ್ನಾಗಿ ಅರ್ಥವಾಯಿತು.

ಇಡೀ ಓಣಿಯಲ್ಲಿ ಕೇಳದವಳು ನೊಯ್ ಒಬ್ಬಳೇ. ಇದು ಅವ್ವನ ಕಣ್ಣಿಗೆ ಬಿತ್ತು. ಒಂದು ಸಂಜೆ ಊಟಕ್ಕೆ ಕೂತಾಗ ಮಗಳನ್ನು ತರಾಟೆಗೆ ತೆಗೆದುಕೊಂಡಳು. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯುತ್ತದೆ, ತವರುಮನೆಯ ಬೈಗುಳವಂತೂ ಎಲ್ಲ ಕಡೆ ಒಂದೇ. ನೊಯ್ ತಲೆ ತಗ್ಗಿಸಿ ನಮಗೆ ಹೇಳಿದಳು: ‘ಮನೆಗೆ ಬಂದ ಗೆಳತಿಯನ್ನು ಒಂದು ಮಾತು ಕೇಳುವುದಿಲ್ಲವಲ್ಲ, ಇಬ್ಬರೂ ಜಗಳ ಆಡಿದ್ದೀರಾ, ಇಂಗ್ಲೆಂಡಿಗೆ ಹೋಗಿ ನಡತೆ ಮರೆತೆಯಾ ಅಂತ ಕೇಳುತ್ತಿದ್ದಾಳೆ.’ ಆಮೇಲೆ ಅವಳಿಗೆ ವಿಧಿಯಿರಲಿಲ್ಲ, ತಾಯಿಗೆ ಎಲ್ಲವನ್ನೂ ಹೇಳಿದಳು. ಅವ್ವನ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು. ನನ್ನನ್ನು ನೋಡಿದಳು, ಗುಡಾಣಗಳನ್ನು ನೋಡಿದಳು. ಎದ್ದು ಚಪ್ಪಲಿ ಮೆಟ್ಟಿಕೊಂಡು ಓಣಿಗೆ ಇಳಿದಳು.

ಮರುದಿನ ಬೆಳಿಗ್ಗೆ ನಾನು ಹೊರಟಾಗ ಓಣಿ ತುಟಿ ಹೊಲಿದುಕೊಂಡಿತ್ತು. ಎಲ್ಲರೂ ಇದ್ದರು, ಎಲ್ಲರೂ ನಗುತ್ತಿದ್ದರು, ಕೈ ಜೋಡಿಸುತ್ತಿದ್ದರು, ಒಬ್ಬರೂ ಉಸಿರೆತ್ತಲಿಲ್ಲ. ಕೋಳಿ ಕತ್ತರಿ ಎತ್ತಿ ಹಿಡಿದು ಮಾಡು ನೋಡುತ್ತ ನಿಂತಿದ್ದ. ಒಬ್ಬ ಮುದುಕ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ, ತಲೆಕೆಳಗಾಗಿ. ಬಟ್ಟಲುಗಳೂ ಇರಲಿಲ್ಲ. ಹುಟ್ಟಿದಾಗಿನಿಂದ ನಾನು ಬಯಸಿದ್ದು ಇಂಥದೇ ಒಂದು ದಾರಿಯನ್ನು. ಆದರೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ನನಗೆ ಅಳು ಬಂತು. ಎಷ್ಟೊಂದು ಜನ ನನ್ನ ಒಳ್ಳೆಯದಕ್ಕಾಗಿಯೇ ಬಾಯಿ ಮುಚ್ಚಿಕೊಂಡಿದ್ದಾರೆ, ನಾನು ಮಾತ್ರ ಸತ್ತವಳ ಹಾಗೆ ಅವರ ನಡುವೆ ನಡೆಯುತ್ತಿದ್ದೇನೆ ಅನ್ನಿಸಿತು. ನೊಯ್‌ಗೆ ಲಂಡನ್ನಿನ ಮೊದಲ ವರ್ಷ ಹೇಗಿತ್ತು ಅನ್ನುವುದು ಆಗ ನನಗೆ ತಿಳಿಯಿತು.

ಅಷ್ಟರಲ್ಲಿ ಕಪ್ಪೆಯಮ್ಮ ಗಾಡಿ ಬಿಟ್ಟು ಬುಟ್ಟಿ ಎತ್ತಿಕೊಂಡು ಸಂತೆಯ ಕಡೆ ಹೊರಟಳು, ಮುಖ ಆಚೆ ತಿರುಗಿಸಿಕೊಂಡು. ನನಗೆ ಏನಾಯಿತೋ, ಜನ್ಮದಲ್ಲಿ ಮೊದಲ ಸಲ, ಹೊರಟವರನ್ನು ಹಿಂದಿನಿಂದ ಕೂಗಿ ಕೇಳಿದೆ: ‘ಪೈ ನೈ?’ ನಮ್ಮ ಅಜ್ಜಿ ಇದ್ದಿದ್ದರೆ ನೆತ್ತಿ ಮೊಟಕುತ್ತಿದ್ದಳು. ಕಪ್ಪೆಯಮ್ಮ ನಿಂತಳು. ಬುಟ್ಟಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ತಲಾತ್! ತಲಾತ್!’ ಅಂದಳು, ಅಂದರೆ ಸಂತೆಗೆ. ಮುದುಕನ ಪೇಪರು ಇಳಿಯಿತು, ಕೋಳಿಯ ಕತ್ತರಿ ಆಡಿತು, ಮತ್ತೆ ಇಡೀ ಓಣಿ ಒಟ್ಟಿಗೇ ಕೇಳಿತು. ನಾನು ‘ಪೈ ತಿಯಾವ್! ಪೈ ತಿಯಾವ್!’ ಅಂತ ಎಲೆಕ್ಷನ್ನಿಗೆ ನಿಂತವರ ಹಾಗೆ ಎರಡೂ ಕಡೆ ಕೈ ಬೀಸುತ್ತ ನಡೆದೆ. ಆವತ್ತು ನೀರು ಕುಡಿಯಲಿಲ್ಲ, ಏನೂ ಕೆಡಲಿಲ್ಲ, ಮಂಗಗಳು ಕೂಡ ಸಭ್ಯವಾಗಿದ್ದವು. ಆದರೆ ನೊಯ್ ಮಾತ್ರ ಜಗ್ಗಲಿಲ್ಲ. ‘ಇದು ತಿರುಗಾಟ. ಟೆಸ್ಟು ಬೇರೆ’ ಅಂದಳು.

ಹ್ಯಾರೋಗೆ ಬಂದೆವು, ಟೆಸ್ಟಿನ ದಿನ ಬಂತು. ಪಕ್ಕದ ಮನೆಯ ಪರದೆಗಳೆಲ್ಲ ಮುಚ್ಚಿದ್ದವು. ನಾನು ಹೋಗಿ ಬೆಲ್ಲು ಒತ್ತಿದೆ. ಸದ್ದಿಲ್ಲ. ಬಗ್ಗಿ ಕಾಗದ ಹಾಕುವ ಕಿಂಡಿಯ ಮುಚ್ಚಳ ಎತ್ತಿದೆ. ಒಳಗೆ ನೊಯ್‌ಳ ಚಪ್ಪಲಿ ಕಂಡಿತು, ಚಪ್ಪಲಿಯೊಳಗೆ ಅವಳ ಕಾಲೂ ಇತ್ತು. ‘ನೊಯ್, ಬಾಗಿಲು ತೆಗಿ, ಕೇಳು ನನ್ನ’ ಅಂದೆ. ‘ನೋ ಸುಮಾ, ಪ್ಲೀಸ್ ಗೋ’ ಅಂತ ಕಿಂಡಿ ಹೇಳಿತು. ‘ನೀನು ಕೇಳುವ ತನಕ ನಾನು ಹೋಗುವುದಿಲ್ಲ’ ಅಂತ ಅವಳ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇನ್‌ಸ್ಟ್ರಕ್ಟರು ಹಾರ್ನು ಹೊಡೆದರು, ಗಡಿಯಾರ ತೋರಿಸಿದರು, ಆಕಾಶ ನೋಡಿದರು. ನಮ್ಮ ಬಾಗಿಲಿನಲ್ಲಿ ನಿಂತ ನಮ್ಮನೆಯವರು ಇನ್ನು ತಡೆಯಲಾರದೆ ಕೂಗಿದರು: ‘ನೊಯ್ ತಂಗೀ, ಕೇಳಿಬಿಡವಾ ಒಮ್ಮೆ! ಇಲ್ಲಂದ್ರ ಇಕಿ ಏಳಂಗಿಲ್ಲ!’ ಕನ್ನಡದಲ್ಲೇ ಕೂಗಿದರು. ಅವಳಿಗೆ ಅದು ಹೇಗೆ ತಿಳಿಯಿತೋ. ಬಾಗಿಲು ಒಂದು ಗೇಣು ತೆರೆಯಿತು. ನೊಯ್ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಔಷಧಿ ಕುಡಿಯುವವರ ಮುಖ ಮಾಡಿಕೊಂಡು ಕೇಳಿದಳು: ‘ವೇರ್ ಯು ಗೋ?’

‘ಪೈ ತಿಯಾವ್!’ ಅಂದು ಓಡಿಹೋಗಿ ಕಾರು ಹತ್ತಿದೆ. ಆವತ್ತು ನಾನು ನನಗಾಗಿ ಕಾರು ಓಡಿಸಲಿಲ್ಲ. ಈ ಸಲ ಫೇಲಾದರೆ ಆ ಹೆಂಗಸು ಜನ್ಮದಲ್ಲಿ ಇನ್ನೊಬ್ಬರನ್ನು ಕೇಳುವುದಿಲ್ಲ ಅನ್ನುವುದೊಂದೇ ತಲೆಯಲ್ಲಿತ್ತು. ರೌಂಡಬೌಟಿನಲ್ಲಿ ದಯೆ ದಾಕ್ಷಿಣ್ಯ ಎಲ್ಲ ಬಿಟ್ಟು ನುಗ್ಗಬೇಕಾದಾಗ ನುಗ್ಗಿದೆ. ಹಿಂದಕ್ಕೆ ತೆಗೆದು ನಿಲ್ಲಿಸು ಅಂದರು, ಗೀಟು ಹಾಕಿದ ಹಾಗೆ ನಿಲ್ಲಿಸಿದೆ. ಪರೀಕ್ಷಕರು ಪಾಸ್ ಅಂದಾಗ ನಾನು ಅವರಿಗೆ ಎರಡೂ ಕೈ ಜೋಡಿಸಿ ಥಾಯ್ ರೀತಿಯಲ್ಲಿ ತಲೆ ಬಾಗಿಸಿದೆ. ಮನೆ ಮುಟ್ಟಿದಾಗ ನೊಯ್ ಗೇಟಿನಲ್ಲೇ ನಿಂತಿದ್ದಳು, ಅಷ್ಟು ಹೊತ್ತು ಬುದ್ಧನ ಮುಂದೆ ಹಚ್ಚಿದ ಊದುಬತ್ತಿಯ ವಾಸನೆ ಬೀದಿಯವರೆಗೆ ಬಂದಿತ್ತು. ಇಬ್ಬರೂ ಫುಟ್‌ಪಾತಿನ ಮೇಲೆ ತಬ್ಬಿಕೊಂಡು ಕುಣಿದೆವು. ಎದುರು ಮನೆಯ ಇಂಗ್ಲಿಷ್ ದಂಪತಿ ಅದನ್ನು ನೋಡಿ, ಬಿಸಿಲು ಚೆನ್ನಾಗಿದೆ ಅಂದು ಒಳಗೆ ಹೋದರು.

ಇದರಿಂದ ನಾನು ಒಂದು ಮೂಢನಂಬಿಕೆಯನ್ನು ಬೇರುಸಹಿತ ಕಿತ್ತೆ ಅಂತ ಬೀಗಿದೆ. ಆದರೆ ಆದದ್ದೇ ಬೇರೆ. ನೊಯ್ ಕೇಳಿದರೆ ಕೆಲಸ ಆಗುತ್ತದೆ ಅಂತ ಸುದ್ದಿ ಹಬ್ಬಿತು. ನಮ್ಮನೆಯವರು ಪ್ರಮೋಶನ್ನಿನ ಇಂಟರ್‌ವ್ಯೂ ದಿನ ಟೈ ಕಟ್ಟಿಕೊಂಡು ಅವಳ ಗುಲಾಬಿ ಗಿಡಗಳನ್ನು ಹೊಗಳುತ್ತ ಬೇಲಿಯ ಹತ್ತಿರ ನಿಂತರು, ಕೇಳುವ ತನಕ ಕದಲಲಿಲ್ಲ. ಸಟನ್ನಿನ ಗೆಳತಿ ಮನೆ ಕೊಳ್ಳುವ ಕಾಗದಕ್ಕೆ ಸಹಿ ಹಾಕಲು ಹೋಗುವ ಮೊದಲು ಸುತ್ತು ಬಳಸಿ ನಮ್ಮ ಬೀದಿಗೆ ಬಂದು ಹೋದಳು. ನೊಯ್ ಯಾರಿಗೂ ಬೇಸರ ಮಾಡಲಿಲ್ಲ, ಎಲ್ಲರನ್ನೂ ಬಾಯಿ ತುಂಬ ಕೇಳಿದಳು. ಇವರನ್ನೆಲ್ಲ ನೋಡಿ ಸ್ಮಿತಾ ಮಾತ್ರ ಮೂಗು ಮುರಿಯುತ್ತಿದ್ದಳು. ಅವಳ ಜಿಸಿಎಸ್‌ಇ, ಅಂದರೆ ಇಲ್ಲಿಯ ಎಸ್ಸೆಸ್ಸೆಲ್ಸಿ, ಪರೀಕ್ಷೆ ಶುರುವಾಗುವ ಹೊತ್ತಿಗೆ ನೊಯ್ ಊರಿಗೆ ಹೋಗಿದ್ದಳು. ಗಣಿತದ ಪರೀಕ್ಷೆಯ ದಿನ ಬೆಳಿಗ್ಗೆ ಹುಡುಗಿ ತಟ್ಟೆಯಲ್ಲಿ ಚಮಚ ಆಡಿಸುತ್ತ, ನನ್ನ ಮುಖ ನೋಡದೆ ಹೇಳಿದಳು: ‘ಮಮ್, ಶುಡಂಟ್ ವಿ ರಿಂಗ್ ನೊಯ್ ಆಂಟಿ? ಜಸ್ಟ್ ಟು ಸೀ ಹೌ ಶಿ ಈಸ್?’

ನಾನು ನಗಲಿಲ್ಲ. ಫೋನ್ ಕಾರ್ಡು ಕೆರೆದು ಫೆಚಬುರಿಗೆ ಹಚ್ಚಿದೆ. ನೊಯ್ ಹೊರಗೆ ಹೋಗಿದ್ದಳು, ಎತ್ತಿದ್ದು ಅವಳ ಅವ್ವ. ನನ್ನ ಹೆಸರು ಕೇಳಿದ್ದೇ ಕೋಗಿಲೆಯ ಹಾಗೆ ಕೂಗಿದಳು. ನಾನು ಫೋನನ್ನು ಮಗಳ ಕೈಗೆ ಕೊಟ್ಟೆ. ಏಳು ಸಮುದ್ರದಾಚೆಯಿಂದ ‘ಪೈ ನೈ?’ ಅಂದದ್ದು ನನಗೂ ಕೇಳಿಸಿತು. ಮಗಳು ‘ಪೈ ತಿಯಾವ್, ಅಜ್ಜಿ’ ಅಂದಳು. ನನ್ನ ಮಗಳ ಬಾಯಿಯಲ್ಲಿ ಇಂಗ್ಲಿಷಲ್ಲದ ಉತ್ತರ ಕೇಳಿ ನನಗೆ ಆನಂದಬಾಷ್ಪವೇ ಬಂತು. ಅವಳು ಚೀಲ ಹೆಗಲಿಗೇರಿಸಿ ಫೋನ್ ಇಡಲು ಹೋದಳು. ನಾನು ಓಡಿಬಂದು ಅವಳ ಕೈ ಹಿಡಿದೆ.

‘ಏ, ಇಡಬ್ಯಾಡ, ಇಲ್ಲಿ ಕೊಡು. ನಾನೂ ಸಾಮಾನು ತರಾಕ ಸೌತ್‌ಹಾಲ್‌ಗೆ ಹೊಂಟೀನಿ. ಶನಿವಾರ ಅಲ್ಲಿ ಪಾರ್ಕಿಂಗ್ ಸಿಗೋದು ಅಂದ್ರ ಸಣ್ಣ ಮಾತಲ್ಲ’ ಅಂದೆ. ಮಗಳು ನನ್ನನ್ನೇ ನೋಡುತ್ತ ಸ್ಪಷ್ಟವಾದ ಧಾರವಾಡದ ಕನ್ನಡದಲ್ಲಿ ಹೇಳಿದಳು: ‘ಅಮ್ಮ, ಇವತ್ತ ಶನಿವಾರ ಅಲ್ಲ, ನಂದು ಪರೀಕ್ಷಾ ಅದ. ನೀ ನಾಳೆ ಹೋಗೋದಕ್ಕ ಇವತ್ತ ಕೇಳಿಸ್ಕೋತೀಯೇನು?’

ಹೌದು, ಕೇಳಿಸಿಕೊಂಡೆ.